ಬಾಯ್ಲರ್ ಮುಂದೆ ಆಡಬಾರದ ಮಾತು

ಲಗಮಪ್ಪ ಬಾಯ್ಲರ್ ಮುಂದೆ ಕೆಟ್ಟ ಮಾತು ಆಡಿದವನೇ ಅಲ್ಲ. ಇಪ್ಪತ್ತೆರಡು ಹಂಗಾಮು ಅದರ ಮುಂದೆ ನಿಂತಿದ್ದ. ಎರಡು ಸಲ ಮೀಸೆ ಸುಟ್ಟುಕೊಂಡ, ಒಂದು ಸಲ ಹೊಸ ಧೋತರದ ಅಂಚು ಬೆಂಕಿಗೆ ಕೊಟ್ಟ. ಆದರೂ ಅದಕ್ಕೆ ‘ಥೂ’ ಅಂದಿರಲಿಲ್ಲ. ಬೈದರೆ ಎಮ್ಮೆ ಹಾಲು ಏರಿಸಿಕೊಳ್ಳುವ ಹಾಗೆ ಬಾಯ್ಲರೂ ಉಗಿ ಏರಿಸಿಕೊಂಡು ಕೂಡುತ್ತದೆ ಅಂತ ಅವನ ಲೆಕ್ಕ.

ಕುಲಗೋಡದ ಆಚೆ ಹಳ್ಳದ ದಂಡೆಯ ಮೇಲೆ ಆ ಬೆಲ್ಲದಪುಡಿ ಫ್ಯಾಕ್ಟರಿ. ಪ್ರತಿ ವರ್ಷ ಕಬ್ಬಿನ ಹಂಗಾಮು ಶುರುವಾಗುವ ದಿನ ಬಾಯ್ಲರಿಗೆ ಮೊದಲ ಬೆಂಕಿ ಕೊಡುವವನು ಲಗಮಪ್ಪನೇ. ಈ ಹಂಗಾಮು ಮುಗಿದರೆ ಅವನ ನೌಕರಿಯೂ ಮುಗಿಯಿತು. ಅಂದಮೇಲೆ ಬರುವ ಶುಕ್ರವಾರದ ಬೆಂಕಿ ಅವನ ಕೈಯ ಕಡೇ ಬೆಂಕಿ. ಹೆಂಡತಿ ರಾಮವ್ವ ಆಗಲೇ ಊರಿಗೆಲ್ಲ ಹೋಳಿಗೆ ಊಟದ ಸುದ್ದಿ ಮುಟ್ಟಿಸಿದ್ದಳು.

ಅಷ್ಟರಲ್ಲಿ ವಿಮೆಯವರ ಕಾಗದ ಬಂತು. ಇಂಜಿನಿಯರಿಂಗ್ ಸಲಹಾ ಕಂಪನಿಯವರು ಬಂದು, ಈ ಯಂತ್ರದಲ್ಲಿ ಏನೇನು ಕೆಡಬಹುದು ಅಂತ ಕೆಲಸದವರ ಬಾಯಿಂದಲೇ ಕೇಳಿ ಬರೆದುಕೊಂಡು ಸಹಿ ಹಾಕಬೇಕು. ಸಹಿ ಇಲ್ಲದೆ ಒಲೆಗೆ ಕಡ್ಡಿ ಗೀರಿದರೆ ವಿಮೆ ಇಲ್ಲ.

“ಅಂದ್ರ ಅವರು ಏನು ಮಾಡ್ತಾರ್ರಿ? ನಟ್ಟು ಬಿಗೀತಾರೇನು?” ಅಂತ ಲಗಮಪ್ಪ ಮ್ಯಾನೇಜರ್ ಅಣ್ಣಾಸಾಹೇಬನನ್ನು ಕೇಳಿದ.

“ಇಲ್ಲ.”

“ಪೈಪ ಜೋಡಸ್ತಾರೇನು?”

“ಏನೂ ಮುಟ್ಟಂಗಿಲ್ಲ. ಗಣಿಗೆ, ಕರೆಂಟಿನ ಫ್ಯಾಕ್ಟರಿಗೆ, ನಮ್ಮಂಥವರಿಗೆ ವಿಚಾರ ಮಾಡಿ ಕೊಡ್ತಾರ. ಮಂದಿ ಕಟ್ಟಿದ್ದು ಹೆಂಗ ಕೆಡತೈತಿ ಅಂತ ವಿಚಾರ ಮಾಡೋದೇ ಅವರ ಕೆಲಸ.”

“ಅದಕ್ಕ ಪಗಾರ ಬ್ಯಾರೆ ಕೊಡ್ತಾರ? ನಮ್ಮ ಓಣಿಯಾಗ ಪುಕಟಿ ಮಾಡೋರು ನಾಕು ಮಂದಿ ಅದಾರಲ್ರಿ.”

ಮಂಗಳವಾರ ಮುಂಜಾನೆ ಬಂದವಳು ಒಬ್ಬಳೇ. ಹೆಸರು ಪ್ರಣಿತಾ. ಗೋಕಾಕದ ಬಟ್ಟೆ ವ್ಯಾಪಾರಿ ಬಾಪುಸಾಹೇಬರ ಮಗಳು, ಜೈನರ ಹುಡುಗಿ. ತಲೆಯ ಮೇಲೆ ಹಳದಿ ಟೊಪ್ಪಿಗೆ, ಬಗಲಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಊಟದ ಡಬ್ಬಿ. ಬಂದವಳೇ ಹೇಳಿದಳು: “ನಾ ಹೊತ್ತು ಮುಳುಗೂದರೊಳಗ ಉಣ್ಣಾಕಿ. ಅಷ್ಟರಾಗ ಮುಗಿಸೋಣ್ರಿ.”

ಬಾಯ್ಲರ್ ಎದುರಿಗೇ ಖುರ್ಚಿ ಹಾಕಿದರು. ಒಂದು ಕಡೆ ಲಗಮಪ್ಪ, ಬಾಜೂಕ್ಕೆ ಕಬ್ಬಿನ ಗಾಣ ನಡೆಸುವ ವೀರಪ್ಪ, ನೆಲದ ಮೇಲೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ಹೊತ್ತು ಹಾಕುವ ಕೆಂಚವ್ವ. ಅಣ್ಣಾಸಾಹೇಬ ನಿಂತೇ ಇದ್ದ, ಮದುವೆಯಲ್ಲಿ ಹುಡುಗಿಯ ಅಪ್ಪ ನಿಂತ ಹಾಗೆ.

“ಕಾಕಾ, ಬಾಯ್ಲರಿಗೆ ನೀರ ಬರಲಿಲ್ಲ ಅಂತ ತಿಳೀರಿ. ಏನಾಗತೈತಿ?”

ಲಗಮಪ್ಪ ಗಾಬರಿಯಾಗಿ ಮೊದಲು ಬಾಯ್ಲರಿನ ಕಡೆ ನೋಡಿದ, ಆಮೇಲೆ ತಗಡಿನ ಮಾಳಿಗೆಯ ಕಡೆ.

“ಬಿಡ್ತು ಅನ್ರಿ, ಬಾಯಾರ.”

ಪ್ರಣಿತಾಗೂ ಮನೆಯಲ್ಲಿ ಅಜ್ಜಿ ಇದ್ದರು, ಅವಳಿಗೆ ತಿಳಿಯಿತು. “ಬಿಡ್ತು,” ಅಂದಳು. “ಈಗ ಹೇಳ್ರಿ.”

“ಹೆಂಗ ಹೇಳೋದ್ರಿ? ಮ್ಯಾಲೆ ಅಸ್ತು ದೇವತಿಗಳು ಅಡ್ಡಾಡ್ತಿರ್ತಾವ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಚಿಮಣಿ ಮ್ಯಾಲೆ ಬಂದು, ನಾವು ಅಂದದ್ದಕ್ಕ ಅಸ್ತು ಅಂದುಬಿಟ್ರ? ಶುಕ್ರಾರ ಬೆಂಕಿ ಕೊಡೋದೈತಿ.”

“ಸರಿ. ನೀರ ಹೆಚ್ಚಾದ್ರ?”

“ಬಿಡ್ತು ಅನ್ರಿ.”

“ಬಿಡ್ತು. ಉಗಿ ಹೆಚ್ಚಾದ್ರ?”

ಈ ಸಲ ಮೂವರೂ ಒಟ್ಟಿಗೆ ಅಂದರು. ಕೆಂಚವ್ವನಂತೂ ಎದ್ದು ಬಾಯ್ಲರಿನ ದೃಷ್ಟಿ ತೆಗೆದು ಬೆರಳು ಲಟಿಕೆ ಮುರಿದಳು.

ಹನ್ನೆರಡು ಗಂಟೆಗೆ ಪ್ರಣಿತಾ ಲ್ಯಾಪ್‌ಟಾಪನ್ನು ಅಣ್ಣಾಸಾಹೇಬನ ಕಡೆ ತಿರುಗಿಸಿ ತೋರಿಸಿದಳು. ಪ್ರಶ್ನೆಗಳ ಸಾಲು ಉದ್ದಕ್ಕೆ ಇತ್ತು. ಉತ್ತರದ ಸಾಲಿನಲ್ಲಿ ಹತ್ತೊಂಬತ್ತು ಸಲ ‘ಬಿಡ್ತು’ ಇತ್ತು.

“ಸಾಹೇಬ್ರ, ಇದನ್ನ ಕಳಿಸಿದ್ರ ನನಗ ಕಂಪನಿಯವರು ಕೆಲಸಾನ ಬಿಡಸ್ತಾರ. ಹೇಳದಿದ್ರ ನಾ ಸಹಿ ಹಾಕಾಕ ಬರಂಗಿಲ್ಲ.”

ಅಣ್ಣಾಸಾಹೇಬ ಬೆವರಿದ. “ಲಗಮಣ್ಣ, ನಿನಗ ಕೈ ಮುಗೀತೀನಿ. ಒಂದಾರ ಕೆಟ್ಟದ್ದು ನುಡಿ.”

“ಸಾಹೇಬ್ರ, ಹೆತ್ತ ಮಗಳಂಗ ಐತಿ ಅದು. ಅದರ ಎದುರಿಗೆ, ಅದಕ್ಕ ಕೇಳೂ ಹಂಗ, ನೀ ಸಿಡದು ಹೋಗ್ತಿ ಅಂತ—” ಅಂದವನೇ ನಾಲಿಗೆ ಕಚ್ಚಿಕೊಂಡು ಎರಡೂ ಕೆನ್ನೆಗೆ ಬಡಿದುಕೊಂಡ. “ಬಿಡ್ತು, ಬಿಡ್ತು, ಬಿಡ್ತು.”

“ಒಂದು ಸಿಕ್ತು!” ಅಂತ ಪ್ರಣಿತಾ ಬರೆದುಕೊಳ್ಳಲು ಹೋದಳು. ಮೂವರೂ ಸೇರಿ ಅಳಿಸಲು ಹಚ್ಚಿದರು.

ಊಟವಾಯಿತು. ಚಹಾ ಆಯಿತು. ಹೊತ್ತು ವಾಲಿತು. ಶುಕ್ರವಾರದ ಬೆಂಕಿ ಕೈ ತಪ್ಪುವುದು ಲಗಮಪ್ಪನಿಗೆ ಕಾಣುತ್ತಿತ್ತು, ಆದರೆ ಬಾಯಿ ಏಳಲೊಲ್ಲದು. ಆಗ ಕೆಂಚವ್ವ ಬಸಿಯಲ್ಲಿದ್ದ ಚಹಾ ಸೊರ್ ಎಂದು ಹೀರಿ ಅಂದಳು:

“ಯವ್ವಾ, ನಮ್ಮ ಬಾಯ್ಲರ ಬ್ಯಾಡ. ಹುಕ್ಕೇರಿ ಕಡೆ ಒಂದು ಬೆಲ್ಲದಪುಡಿ ಫ್ಯಾಕ್ಟರಿ ಐತಲ್ಲ? ಅವರದೂ ಇದೇ ಯಂತ್ರ, ಒಂದೇ ವರ್ಷ ಒಂದೇ ಲಾರಿಯಾಗ ಬಂದಾವ. ಅವರದು ಹೆಂಗ ಕೆಡತೈತಿ ಅಂತ ಕೇಳು. ಅದಕ್ಕೇನೂ ಹರಕತ್ತಿಲ್ಲ.”

ಪ್ರಣಿತಾಳ ಮುಖದ ಮೇಲೆ ಏನೋ ಒಂದು ಬಂದು ಹೋಯಿತು. ನಗುವೋ ಏನೋ, ಲಗಮಪ್ಪ ಅದನ್ನು ಆಮೇಲೆ ನೆನಪಿಸಿಕೊಂಡ. “ನಡೀತೈತಿ,” ಅಂದಳು. “ಹುಕ್ಕೇರಿ ಬಾಯ್ಲರಿಗೆ ನೀರ ಬರಲಿಲ್ಲ. ಯಾಕ?”

“ಯಾಕಂದ್ರ ಪಂಪಿನ ಜಾಳಿಗೆಯಾಗ ಕಸಾ ತುಂಬಿರತೈತಿ!” ಅಂತ ಲಗಮಪ್ಪ ಖುರ್ಚಿ ಮುಂದಕ್ಕೆ ಎಳೆದ. “ಅವರು ತೊಳಿಯೂ ಮಂದಿ ಅಲ್ರಿ. ಎಂದಾರ ತೊಳದಾರ?”

“ಗಾಣಕ್ಕ ಕಬ್ಬ ಒಯ್ಯೂ ಪಟ್ಟಾ ಹರೀತೈತಿ ಬರಕೋರಿ,” ಅಂತ ವೀರಪ್ಪ ಕೂಗಿದ. “ಹೊಲಿಗಿ ಹಾಕಿದ ಪಟ್ಟಾ ಅದು. ಮ್ಯಾಲೆ ತಗಡ ಮುಚ್ಚಿರ್ತಾರ, ನೋಡಿದವರಿಗೆ ಹೊಸಾದು ಕಾಣಬೇಕು.”

“ಏಣಿಗೆ ಎರಡು ಮೆಟ್ಟಲ ಇಲ್ಲ,” ಅಂದಳು ಕೆಂಚವ್ವ. “ಹಾರಿ ಇಳೀತಾರ, ಮಂಗ್ಯಾನಂಗ.”

ಅಣ್ಣಾಸಾಹೇಬ ಮೆಲ್ಲಗೆ ತನ್ನ ಏಣಿಯ ಮುಂದೆ ಬಂದು ಅಡ್ಡ ನಿಂತ.

ಮುಂಜಾನೆಯಿಂದ ಕಟ್ಟಿಟ್ಟಿದ್ದು ಈಗ ಹಳ್ಳದಂತೆ ಹರಿಯಿತು. ಹುಕ್ಕೇರಿಯವರ ಕವಾಟ ಸೋರುತ್ತದೆ, ಹುಕ್ಕೇರಿಯವರ ಒತ್ತಡದ ಗಡಿಯಾರದ ಮುಳ್ಳು ಅಂಟಿಕೊಂಡಿದೆ, ಮುಷ್ಟಿಯಿಂದ ಗುದ್ದಿದರೆ ಮಾತ್ರ ಖರೇ ಹೇಳುತ್ತದೆ. ಎಲ್ಲಿ ಗುದ್ದಬೇಕು ಅಂತ ಲಗಮಪ್ಪ ಎದ್ದು ತನ್ನ ಗಡಿಯಾರದ ಮೇಲೆಯೇ ಗುದ್ದಿ ತೋರಿಸಿದ. ಮುಳ್ಳು ಜಿಗಿಯಿತು.

“ನೀರ ಕಡಿಮಿ ಆದ್ರ ಕೂಗೂ ಭೋಂಗಾ ಇರತೈತಲ್ರಿ,” ಅಂತ ಪ್ರಣಿತಾ ಕೇಳಿದಳು. “ಅದು ಕೂಗಲಿಲ್ಲ ಅಂದ್ರ?”

“ಕೂಗೂದ ಇಲ್ರಿ!” ಲಗಮಪ್ಪ ಈಗ ರಂಗಕ್ಕೆ ಬಂದಿದ್ದ. “ನೀರಾಗ ಒಂದು ಗುಳ್ಳಿ ಎದ್ರ ಬೊಂ, ಎರಡು ಗುಳ್ಳಿ ಎದ್ರ ಬೊಂ ಅಂತಿರತೈತಿ ಅದು. ಮನಶಾನ ತಲಿ ಕೆಡತೈತಿ. ಅದಕ್ಕ ಅದರ ಬಾಯಾಗ ಬಟ್ಟಿ ತುರುಕಿರ್ತಾರ.”

ಬಟ್ಟೆ ಅಂಗಡಿಯವರ ಮಗಳು ತಲೆ ಎತ್ತದೆ ಕೇಳಿದಳು: “ಯಾವ ಬಣ್ಣದ್ದು?”

“ಗುಲಾಬಿ. ಜರದ ಅಂಚು.”

ವೀರಪ್ಪ ಮೇಲೆ ನೋಡಿದ. ಕೆಂಚವ್ವ ಮೇಲೆ ನೋಡಿದಳು. ಬಾಯ್ಲರಿನ ನೆತ್ತಿಯ ಮೇಲಿನ ಭೋಂಗಾದ ಬಾಯಿಂದ ಜರದ ಅಂಚು ಒಂದು ಬೆರಳಷ್ಟು ಇಣುಕುತ್ತಿತ್ತು.

“ಹುಕ್ಕೇರಿಯಾಗ ಗುಲಾಬಿ ಬಣ್ಣ ಭಾಳ ಉಡ್ತಾರಂತ,” ಅಂದ ಲಗಮಪ್ಪ ಸಣ್ಣ ದನಿಯಲ್ಲಿ.

“ನಲವತ್ತೊಂದು ಆದವು,” ಅಂತ ಪ್ರಣಿತಾ ಲ್ಯಾಪ್‌ಟಾಪು ಮುಚ್ಚಿದಳು. “ಹುಕ್ಕೇರಿದು ಹುಕ್ಕೇರಿಯವರು ನೋಡ್ಕೋತಾರ. ಇದೇ ಪಟ್ಟಿ ಹಿಡಕೊಂಡು ಶುಕ್ರಾರ ಮುಂಜಾನೆ ಇಲ್ಲಿ ಒಂದೊಂದೇ ನೋಡ್ತೀನಿ. ಎಲ್ಲಾ ಸರಿ ಇದ್ರ ಸಹಿ. ಭೋಂಗಾ ಕೂಗದಿದ್ರ ಬೆಂಕಿ ಇಲ್ಲ, ಕಾಕಾ.” ಅಷ್ಟು ಹೇಳಿ, ಸೂರ್ಯನ ಕಡೆ ಒಮ್ಮೆ ನೋಡಿ, ಅವಸರದಿಂದ ಡಬ್ಬಿ ತೆರೆದಳು.

ಅವಳು ಹೋದ ಮೇಲೆ ಲಗಮಪ್ಪ ಏಣಿ ಹತ್ತಿದ. ಇಲ್ಲದ ಎರಡು ಮೆಟ್ಟಿಲನ್ನು ಹಾರಿಯೇ ಹತ್ತಿದ. ಬಟ್ಟೆ ಹಿಡಿದು ಜಗ್ಗಿದರೆ ಬರುತ್ತಾ ಹೋಯಿತು, ಬರುತ್ತಾ ಹೋಯಿತು. ತಲೆಗೆ ಸುತ್ತುವ ಹನ್ನೆರಡು ಮೊಳದ ಪಟಕಾ ಅದು. ಮಗಳು ಸರಿತಾಳ ಮದುವೆಯಲ್ಲಿ ಬೀಗರು ಆಯಾರದ ಉಡುಗೊರೆ ಕೊಟ್ಟದ್ದು. ಆರು ವರ್ಷ ಮಸಿ ತಿಂದು ಗುಲಾಬಿ ಬಣ್ಣ ಬದನೆಕಾಯಿಯಂತಾಗಿತ್ತು.

ಅದನ್ನು ಕೈಯಲ್ಲಿ ಹಿಡಿದುಕೊಂಡಾಗ ಅವನಿಗೆ ಹೊಳೆಯಿತು. ಬೀಗ ಮುತ್ತಪ್ಪ ಇರುವುದೆಲ್ಲಿ? ಹುಕ್ಕೇರಿ ಕಡೆಯ ಅದೇ ಫ್ಯಾಕ್ಟರಿಯಲ್ಲಿ. ಬಾಯ್ಲರ್ ಮುಂದೆ ನಿಲ್ಲುವವನು ಯಾರು? ಅವನೇ. ದಿನವೆಲ್ಲ ಕುಳಿತು, ಖುರ್ಚಿ ಮುಂದಕ್ಕೆ ಎಳೆದು, ಬೀಗನ ಬಾಯ್ಲರಿಗೆ ನಲವತ್ತೊಂದು ಕೆಟ್ಟದ್ದು ನುಡಿದಿದ್ದ. ಒಂದಕ್ಕೂ ಬಿಡ್ತು ಅಂದಿರಲಿಲ್ಲ.

“ಫೋನ್ ಹಚ್ಚಿ ಹೇಳ್ರಿ,” ಅಂದಳು ರಾಮವ್ವ ಮನೆಯಲ್ಲಿ.

“ಹುಚ್ಚಿ, ಫೋನಿನ ಮಾತು ಟವರ್ ಹತ್ತಿ ಹೋಗೋದು. ಅಸ್ತು ದೇವತಿಗಳ ಕಿವಿ ಬಾಜೂಕ್ಕ ಹಾದು ಹೋಗತೈತಿ. ಕುಂತು ಕಿವ್ಯಾಗ ಹೇಳಿ ಬರಬೇಕು.”

“ಹಂಗಾರ ನಾ ಹೋಗಿ ಬರ್ತೀನಿ. ನನಗ ಬಸ್ಸ ಪುಕಟಿ.”

“ನುಡಿದಾಂವ ನಾನು. ನೀ ಹೋಗಿ ಬಿಡ್ತು ಅಂದ್ರ ನಡಿಯಂಗಿಲ್ಲ.”

ಬುಧವಾರ ಮೊದಲ ಬಸ್ಸಿಗೆ ಹೊರಟ. ಪಟಕಾ ಚೀಲದಲ್ಲಿ ಹಾಕಿಕೊಂಡಿದ್ದ. ತಪ್ಪು ಒಪ್ಪಿಕೊಳ್ಳುವಾಗ ತಪ್ಪು ಕೈಯಲ್ಲಿರಬೇಕು ಅನಿಸಿತ್ತು. ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹುಕ್ಕೇರಿ ಬಸ್ಸು ಹುಡುಕುತ್ತಿದ್ದಾಗ ಕರದಂಟಿನ ಅಂಗಡಿಯ ಮುಂದೆ ಗುರುತಿನ ಬೆನ್ನು ಕಂಡಿತು. ತಿರುಗಿದರೆ ಮುತ್ತಪ್ಪ. ಅವನೂ ಬೆಚ್ಚಿಬಿದ್ದ.

“ಬೀಗರ! ಎಲ್ಲಿಗೆ ಹೊಂಟೀರಿ?”

“ನಿಮ್ಮ ಊರಿಗೇ ರಿ. ನೀವು?”

“ನಾನೂ ನಿಮ್ಮಲ್ಲಿಗೇ.”

ಆಮೇಲೆ ಇಬ್ಬರೂ ಒಟ್ಟಿಗೆ ಕೇಳಿದ್ದು ಒಂದೇ: “ಬಾಯ್ಲರ್ ಆರಾಮ ಐತಿಲ್ಲೋ?”

ಕಲ್ಲಿನ ಬೆಂಚಿನ ಮೇಲೆ ಕುಳಿತರು. ಬೀಗರ ಮಧ್ಯೆ ಮರ್ಯಾದೆಗೆ ಮೊದಲು ಕರದಂಟು ತಿಂದರು. ಅದನ್ನು ಅಗಿಯುವಷ್ಟು ಹೊತ್ತು ಇಬ್ಬರಿಗೂ ಮಾತಿನಿಂದ ಬಿಡುಗಡೆ. ಆಮೇಲೆ ಮುತ್ತಪ್ಪನೇ ಕಿವಿಗೆ ಬಾಯಿ ಹಚ್ಚಿದ.

“ಬೀಗರ, ಸೋಮಾರ ಒಬ್ಬಾಕಿ ಇಂಜಿನಿಯರ್ ಬಂದಿದ್ಲು. ಹಳದಿ ಟೊಪ್ಪಗಿ. ಏನೇನು ಕೆಡತೈತಿ ಹೇಳ್ರಿ ಅಂದ್ಲು. ನಮ್ಮ ಬಾಯ್ಲರಿಗೆ ಹೆಂಗ ಕೆಟ್ಟದ್ದು ನುಡೀಲಿ? ಕುಲಗೋಡದವರದು ಹೇಳ್ತೀನಿ ಅಂತ ಹೇಳಿ…” ಅವನ ಕಣ್ಣಲ್ಲಿ ನೀರು. “ಐವತ್ತಾರು ನುಡದೇನ್ರಿ.”

“ಐವತ್ತಾರು?” ಲಗಮಪ್ಪನಿಗೆ ಸಿಟ್ಟೇ ಬಂತು. “ನಾ ನಿಮಗ ನಲವತ್ತೊಂದರಾಗ ಬಿಟ್ಟೇನಿ! ಬೀಗ್ರು ಅಂತ ಒಂದೀಟು ದಯಾ ಇಲ್ಲೇನ್ರಿ?”

ಮುತ್ತಪ್ಪ ಬಾಯಿ ತೆರೆದವನು ಹಾಗೆಯೇ ಕುಳಿತ. ಅವನ ಬಾಯಲ್ಲಿ ಕರದಂಟಿನ ಗೋಡಂಬಿ ಕಾಣುತ್ತಿತ್ತು. ಲಗಮಪ್ಪನಿಗೆ ಹುಡುಗಿಯ ಮುಖದ ಮೇಲೆ ಬಂದು ಹೋದದ್ದು ನೆನಪಾಯಿತು. ನಗುವೇ ಅದು.

“ಭೋಂಗಾದ ಮಾತು ಬಂತೇನ್ರಿ?” ಅಂತ ಮೆಲ್ಲಗೆ ಕೇಳಿದ.

ಮುತ್ತಪ್ಪ ತನ್ನ ಚೀಲಕ್ಕೆ ಕೈ ಹಾಕಿದ. ಹೊರಗೆ ಬಂದದ್ದು ಮಸಿ ಹಿಡಿದ, ಮಡಿಕೆ ಮುರಿಯದ ಕೋಟಿನ ಬಟ್ಟೆ. ಅದೇ ಮದುವೆಯಲ್ಲಿ ಲಗಮಪ್ಪ ಮೂಡಲಗಿಯಿಂದ ತಂದು ಆಯಾರ ಮಾಡಿದ್ದು.

“ಅದಕ್ಕ ಆರು ವರ್ಷ ಆದ್ರೂ ಕೋಟ ಹೊಲಿಸಿಲ್ಲ ನೀವು! ನಾ ಪ್ರತಿ ಹಬ್ಬಕ್ಕೂ ದಾರಿ ನೋಡ್ತಿದ್ನಲ್ರಿ!”

“ದಪ್ಪ ಬಟ್ಟಿ ಇತ್ರಿ, ಬೀಗರ. ದನಿ ಚಲೋ ತಡೀತಿತ್ತು,” ಅಂದ ಮುತ್ತಪ್ಪ. ಅವನ ಮಟ್ಟಿಗೆ ಅದು ಹೊಗಳಿಕೆ.

ಆಗ ಲಗಮಪ್ಪನೂ ಪಟಕಾ ಹೊರಗೆ ತೆಗೆದ. ಮುತ್ತಪ್ಪ ಜರದ ಅಂಚನ್ನು ನೋಡಿದ, ಲಗಮಪ್ಪನ ಮುಖ ನೋಡಿದ, ಮತ್ತೆ ಅಂಚು ನೋಡಿದ. ಇಬ್ಬರಿಗೂ ನಗು ಎಲ್ಲಿಂದ ಬಂತೋ! ಲಗಮಪ್ಪ ಪಟಕಾದಿಂದ ಕಣ್ಣು ಒರೆಸಿಕೊಂಡ; ಮುಖವೆಲ್ಲ ಮಸಿಯಾಯಿತು. ಬಾಜೂ ಬೆಂಚಿನ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ದೂರ ಹೋದಳು.

ಆಮೇಲೆ ಕೆಲಸಕ್ಕೆ ಕುಳಿತರು. ನೆನಪಾದದ್ದನ್ನೆಲ್ಲ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳುವುದು, ಇಬ್ಬರೂ ಕೂಡಿ ಬಿಡ್ತು ಅನ್ನುವುದು. ಜಾಳಿಗೆ ತೊಳೆಯಬೇಕು. ಬಿಡ್ತು. ಗಡಿಯಾರದ ಮುಳ್ಳು ಬದಲಿಸಬೇಕು. ಬಿಡ್ತು. ಮೂರು ಬಸ್ಸು ಹೋದವು. ಮುತ್ತಪ್ಪ ನುಡಿದದ್ದರಲ್ಲಿ ಹದಿನೈದು ಲಗಮಪ್ಪನಿಗೆ ಹೊಳೆದೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು, ಆದರೆ ಅವನ್ನೂ ನೆನಪಿನಲ್ಲಿ ಗಂಟು ಹಾಕಿಟ್ಟುಕೊಂಡ.

ಗುರುವಾರವೆಲ್ಲ ಕುಲಗೋಡದ ಫ್ಯಾಕ್ಟರಿಯಲ್ಲಿ ಬೆಸುಗೆಯ ಕಿಡಿ ಹಾರಿದವು. ಏಣಿಗೆ ಮೆಟ್ಟಿಲು ಬಂದವು. ವೀರಪ್ಪನ ಪಟ್ಟಾದ ಮೇಲಿನ ತಗಡು ಸರಿಯಿತು, ಹೊಸ ಪಟ್ಟಾ ಬಂತು. ಅಣ್ಣಾಸಾಹೇಬ ಪ್ರತಿ ಸಲ ಪಾಕೀಟು ತೆಗೆಯುವಾಗ ಹುಕ್ಕೇರಿಯವರನ್ನು ಬೈದ.

ಶುಕ್ರವಾರ ಪ್ರಣಿತಾ ಬಂದು ಒಂದೊಂದೇ ನೋಡಿದಳು. ಕಡೆಗೆ ಬಾಯ್ಲರಿನ ನೀರು ಇಳಿಸಲು ಹೇಳಿದಳು. ಆರು ವರ್ಷ ಬಾಯಿ ಕಟ್ಟಿಸಿಕೊಂಡಿದ್ದ ಭೋಂಗಾ ಒಮ್ಮೆ ಕೆಮ್ಮಿತು, ಮಸಿ ಉಗುಳಿತು, ಆಮೇಲೆ ಎಂಥ ದನಿ ತೆಗೆಯಿತೆಂದರೆ ಊಟದ ಹೊತ್ತಾಯಿತೆಂದು ತಿಳಿದು ಊರಿನ ಅರ್ಧ ಮಂದಿ ಹೋಳಿಗೆಗೆ ಬಂದುಬಿಟ್ಟರು.

ಅವಳು ಸಹಿ ಹಾಕಿದಳು. ಲಗಮಪ್ಪ ಪಟಕಾ ಸುತ್ತಿಕೊಂಡು ಬಂದ. ರಾಮವ್ವ ಮೂರು ಸಲ ಸಾಬೂನು ಹಚ್ಚಿ ಒಗೆದಿದ್ದಳು, ಬದನೆಕಾಯಿ ಬಣ್ಣ ಹಾಗೇ ಇತ್ತು. ಕಡ್ಡಿ ಗೀರಿ, ಕೈ ಮುಗಿದು, ತನ್ನ ಕಡೇ ಹಂಗಾಮಿನ ಮೊದಲ ಬೆಂಕಿ ಕೊಟ್ಟ. ಒಣ ಸಿಪ್ಪೆ ಚಟಚಟ ಹತ್ತಿಕೊಂಡಿತು.

“ಕಾಕಾ, ಒಂದೇ ಒಂದು ಪ್ರಶ್ನಿ ಉಳದೈತಿ,” ಅಂದಳು ಪ್ರಣಿತಾ. “ಭೋಂಗಾ ಮತ್ತ ತಲಿ ತಿನ್ನಾಕ ಹತ್ತಿದ್ರ?”

ಲಗಮಪ್ಪ ಚಿಮಣಿಯ ಕಡೆ ನೋಡಿದ, ಆಚೆ ಈಚೆ ಯಾರೂ ಹಾರಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ.

“ತಿನ್ನತೈತ್ರಿ, ಬಾಯಾರ. ಬರಕೋರಿ.”

ಖರೆ, ತಿಂದಿತು. ಆ ಹಂಗಾಮೆಲ್ಲ ಒಂದು ಗುಳ್ಳೆ ಎದ್ದರೆ ಬೊಂ, ಎರಡು ಎದ್ದರೆ ಬೊಂ. ಪ್ರತಿ ಸಲ ಲಗಮಪ್ಪ ಪಟಕಾವನ್ನು ಎರಡೂ ಕೈಯಿಂದ ತಲೆಯ ಮೇಲೆ ಒತ್ತಿ ಹಿಡಿದು, “ಬಿಡ್ತೋ ಮಾರಾಯಾ, ಬಿಡ್ತು,” ಅನ್ನುತ್ತ ನೀರಿನ ಕವಾಟದ ಕಡೆ ಓಡುತ್ತಿದ್ದ.