ಚಂದ್ರಿಕೆಗೆ ಕಟ್ಟಿದ ಕಂಪ್ಯೂಟರ್

ಸೌಮ್ಯಳಿಗೆ ಬೇಕಾಗಿದ್ದದ್ದು ಆಟ ಆಡುವ ಕಂಪ್ಯೂಟರು. ಓದುವುದಕ್ಕಲ್ಲ, ಲೆಕ್ಕ ಬರೆಯುವುದಕ್ಕಲ್ಲ, ಆನ್‌ಲೈನಿನಲ್ಲಿ ಅರ್ಜಿ ಹಾಕುವುದಕ್ಕೂ ಅಲ್ಲ, ಆಡುವುದಕ್ಕೆ. ಇಷ್ಟನ್ನು ನೆಟ್ಟಗೆ ಬಾಯಿಬಿಟ್ಟು ಹೇಳಲು ಕಾಮಗೆರೆಯಲ್ಲಿ ಎಷ್ಟು ಎದೆಗಾರಿಕೆ ಬೇಕು ಅನ್ನುವುದು ಹೇಳಿ ನೋಡಿದವರಿಗೇ ಗೊತ್ತು. ಗಂಡಸರು ಹಗಲೆಲ್ಲ ಅರಳಿಕಟ್ಟೆಯ ಮೇಲೆ ಇಸ್ಪೀಟು ಕಲಸಿದರೆ ಅದು ಹೊತ್ತು ಕಳೆಯುವುದು. ಇಪ್ಪತ್ತೇಳು ವರ್ಷದ ಹೆಣ್ಣು ಆಡಿದರೆ ಅದು ಕೆಟ್ಟುಹೋಗುವುದು.

ಫೋನಿನಲ್ಲಿ ಅವಳು ಆಡುತ್ತಿದ್ದ ಆಟ ಸರಳವಾದದ್ದು. ನೂರು ಜನ ಒಂದು ಹಾಳುಬಿದ್ದ ಊರಿಗೆ ಇಳಿಯುತ್ತಾರೆ, ಒಬ್ಬರನ್ನೊಬ್ಬರು ಹುಡುಕಿ ಹೊಡೆಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ಸೌಮ್ಯ ಕಡೆಯ ಮೂರ್ನಾಲ್ಕು ಜನರವರೆಗೂ ಉಳಿಯುತ್ತಿದ್ದಳು. ಅಷ್ಟು ಹೊತ್ತಿಗೆ ಫೋನು ರೊಟ್ಟಿ ಹೆಂಚಿನಂತೆ ಕಾದು, ಚಿತ್ರ ನಿಂತಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಅಲ್ಲಾಡುವಷ್ಟರಲ್ಲಿ ಯಾರೋ ಅವಳನ್ನು ಹೊಡೆದು ಮುಗಿಸಿರುತ್ತಿದ್ದರು. ಇದು ಅವಳ ಹೊಟ್ಟೆ ಉರಿಸುತ್ತಿತ್ತು. ಸೋಲುವುದಕ್ಕೆ ಅವಳದೇನೂ ತಕರಾರಿರಲಿಲ್ಲ. ಆದರೆ ಸೋತರೆ ತನ್ನ ತಪ್ಪಿಗೆ ಸೋಲಬೇಕು, ಫೋನಿನ ತಪ್ಪಿಗಲ್ಲ.

ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ಇದ್ದದ್ದು ಅವಳು, ಅವ್ವ ಚನ್ನಮಲ್ಲಮ್ಮ, ಹಿತ್ತಿಲಿನ ರೇಷ್ಮೆ ಹುಳದ ಮನೆ. ಹುಳಕ್ಕೆ ಸೊಪ್ಪು ಹಾಕುವುದು, ಹಿಕ್ಕೆ ಬಳಿಯುವುದು, ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವುದು, ಕೊನೆಗೆ ಗೂಡು ಹೊತ್ತು ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕಿ ಬರುವುದು, ಎಲ್ಲವೂ ಸೌಮ್ಯಳ ಪಾಲಿನ ಕೆಲಸ. ಅದರಲ್ಲಿ ನಲವತ್ತು ಸಾವಿರ ಎತ್ತಿಟ್ಟಿದ್ದಳು. ಅವಳು ನೋಡಿಟ್ಟುಕೊಂಡ ಕಂಪ್ಯೂಟರಿಗೆ ಅರವತ್ತು ಬೇಕಿತ್ತು.

ಉಳಿದದ್ದನ್ನು ಕೊಡಬಲ್ಲವನು ಪಕ್ಕದ ಮನೆಯ ದೊಡ್ಡಪ್ಪ, ದೊಡ್ಡಮಾದಪ್ಪ. ಕೇಳಿ ಬಂದವಳು ಅವ್ವ.

"ಓದಕ್ಕೆ ಅಂತ ಯೋಳ್ಬುಟ್ಟೆ ಕಣವ್ವ, ಕೆಎಎಸ್ ಪರೀಕ್ಸೆಗೆ," ಅಂದಳು ಅವ್ವ ದನಿ ತಗ್ಗಿಸಿ. "ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತರೆ. ಒಂದ್ ಸುಳ್ಳೇಳಿ ಒಂದ್ ಕಂಪ್ಯೂಟ್ರು ತರಕ್ಕಾಗಲ್ವ?"

ಆಟದ ವಿಷಯದಲ್ಲಿ ಅವ್ವನಿಗೆ ಒಂದು ಹಳೆಯ ಪೆಟ್ಟಿತ್ತು. ಮದುವೆಯಾಗಿ ಬಂದಾಗ ಹೂಗ್ಯಂನ ತವರಿನಿಂದ ಅಳಗುಳಿ ಮಣೆಯೊಂದನ್ನು ತಂದಿದ್ದಳು. ಎರಡು ಸಾಲು ಗುಳಿ, ಹಲಸಿನ ಮರದ್ದು, ಅವಳ ಅಜ್ಜಿ ಆಡಿ ಆಡಿ ನುಣುಪಾದದ್ದು. ಆಗಿನ್ನೂ ಮನೆ ಒಟ್ಟಿಗಿತ್ತು. ಹೊಸ ಸೊಸೆ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹುಣಸೆಬೀಜ ಹಿಡಿದು ಕೂತದ್ದನ್ನು ಕಂಡ ದೊಡ್ಡಪ್ಪ, ಸೊಸೆ ಮಣೆ ಮುಂದೆ ಕೂತರೆ ಮನೆಗೆ ದರಿದ್ರ ಎಂದು ಅದನ್ನು ಅಟ್ಟಕ್ಕೆ ಹಾಕಿಸಿದ. ಮನೆ ಪಾಲಾದಾಗ ಅಟ್ಟ ಅವನ ಭಾಗಕ್ಕೆ ಹೋಯಿತು, ಮಣೆಯೂ ಹೋಯಿತು. ಅವ್ವ ಅದನ್ನು ವಾಪಸು ಕೇಳಲಿಲ್ಲ. ಎಲ್ಲಾದರೂ ಹುಣಸೆಬೀಜ ಕಂಡರೆ ಮಾತ್ರ ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಉರುಳಿಸುತ್ತಿದ್ದಳು.

ಸೌಮ್ಯ ಈ ಸುಳ್ಳಿಗೆ ಬೇಡ ಅನ್ನಲಿಲ್ಲ. ಇಪ್ಪತ್ತು ಸಾವಿರ ಅವಳ ಬಾಯಿಗೂ ಬೀಗ ಹಾಕಿತ್ತು. ಅತ್ತ ದೊಡ್ಡಪ್ಪ ಕಾಮಗೆರೆಯಿಂದ ಹನೂರಿನವರೆಗೆ ಕಂಡವರಿಗೆಲ್ಲ "ನಮ್ ಮಗ ಎಸಿ ಆಯ್ತದೆ, ತಾಲ್ಲೂಕೇ ನಮ್ದು" ಎಂದು ಸಾರಿಕೊಂಡು ಬಂದ. ಅವಳು ತಲೆ ತಗ್ಗಿಸಿ ಓಡಾಡಿದಳು. ಮಾಡದ ಓದಿಗೆ ಜನ ಶಹಬ್ಬಾಸ್ ಅನ್ನುವಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ದುಡ್ಡನ್ನು ದೊಡ್ಡಪ್ಪ ಕೈಗೆ ಕೊಡಲಿಲ್ಲ. ತಾನೇ ಬರುತ್ತೇನೆಂದು ಬಿಳಿ ಶರ್ಟು ತೊಟ್ಟು ಅವಳ ಜೊತೆ ಕೊಳ್ಳೇಗಾಲಕ್ಕೆ ಹೊರಟ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮಲ್ಲಿಕಾರ್ಜುನಸ್ವಾಮಿಯ ಕಂಪ್ಯೂಟರ್ ಅಂಗಡಿ. ಅವನು ಇಬ್ಬರಿಗೂ ಕುರ್ಚಿ ಹಾಕಿಸಿ, ಸೌಮ್ಯ ಕೇಳಿದ ಭಾಗಗಳನ್ನು ಒಂದೊಂದಾಗಿ ಮೇಜಿನ ಮೇಲೆ ತಂದಿಟ್ಟ. ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಹೊರಬಂದಾಗ ಅದರ ಬೆಲೆ ಕೇಳಿ ದೊಡ್ಡಪ್ಪನ ಹುಬ್ಬು ಮೇಲೇರಿತು.

"ಇದ್ಯಾಕಪ್ಪ ಇಷ್ಟ್ ರೇಟು?"

"ಚಿತ್ರ ಓಡಿಸೋದೇ ಇದು ಸಾ," ಅಂದ ಮಲ್ಲಿಕಾರ್ಜುನಸ್ವಾಮಿ. "ಏನಕ್ಕೆ ತಕತಾ ಇದೀರಿ?"

"ಓದಕ್ಕೆ. ಕೆಎಎಸ್‌ಗೆ."

"ಅಯ್ಯೋ, ಓದಕ್ಕಾದ್ರೆ ಇದ್ಯಾಕೆ ಸಾ? ಆಟ ಆಡೋ ಐಕಳು ತಕತರೆ ಇದ. ಇದೊಂದ್ ಬುಟ್ರೆ ನಿಮ್ಗೆ ಒಳ್ಳೆ ದುಡ್ಡು ಉಳೀತದೆ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅಷ್ಟಕ್ಕೇ ಎಲ್ಲವೂ ಬಯಲಾಗಿತ್ತು. ದೊಡ್ಡಪ್ಪ ಡಬ್ಬಿಯನ್ನೊಮ್ಮೆ, ಸೌಮ್ಯಳನ್ನೊಮ್ಮೆ ನೋಡಿದ. ಕೂಗಾಡಲಿಲ್ಲ. ಜೇಬಿನಿಂದ ಪುಟ್ಟ ಬಟ್ಟೆಯ ಚೀಲ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗಿದ್ದದ್ದು ಧೂಳ್ತ, ಬೆಟ್ಟದಿಂದ ತಂದ ಮಾದಪ್ಪ ದೇವರ ವಿಭೂತಿ.

"ಅಣೆಗಿಟ್ಕಂಡು ಒಂದ್ ಮಾತು ಯೋಳ್ಬುಡವ್ವ. ಓದಕ್ಕೆ ಅಂತ. ಈಗ್ಲೇ ಎಣಿಸ್ಕೊಡ್ತಿನಿ. ಆ ಕಾರ್ಡೂ ತಕೋ."

ಈ ಸೀಮೆಯ ಜನ ಹರಿಶ್ಚಂದ್ರನ ವಂಶದವರೇನಲ್ಲ. ಹಾಲಿಗೆ ನೀರು ಬೆರೆಸಿ ಸುಳ್ಳು ಹೇಳುತ್ತಾರೆ, ಹೆಣ್ಣಿನ ವಯಸ್ಸು ಇಳಿಸಿ ಹೇಳುತ್ತಾರೆ, ಗೊಡ್ಡೆಮ್ಮೆಯನ್ನು ಗಬ್ಬವೆಂದು ಹೇಳಿ ಮಾರುತ್ತಾರೆ. ಧೂಳ್ತ ಇಟ್ಟುಕೊಂಡು ಮಾತ್ರ ಹೇಳುವುದಿಲ್ಲ. ಅದು ದೊಡ್ಡಪ್ಪನಿಗೂ ಗೊತ್ತು, ಮಲ್ಲಿಕಾರ್ಜುನಸ್ವಾಮಿಗೂ ಗೊತ್ತು. ಅವನು ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

ಸೌಮ್ಯಳಿಗೆ ಒಂದು ಕಳ್ಳದಾರಿ ಹೊಳೆಯಿತು. ಕಂಪ್ಯೂಟರಿನಲ್ಲಿ ಒಂದು ಪುಟ ಓದಿದರೂ ಓದಿದಂತೆಯೇ ತಾನೇ? ಮಾದಪ್ಪ ಅಷ್ಟೆಲ್ಲ ಲೆಕ್ಕ ಇಡುವನೇ? ಹಾಗಂದುಕೊಳ್ಳುತ್ತಲೇ ಅವ್ವನ ಕೈಯಲ್ಲಿ ಉರುಳುವ ಹುಣಸೆಬೀಜ ಕಣ್ಣಿಗೆ ಕಟ್ಟಿತು, ಸಿಟ್ಟು ನೆತ್ತಿಗೇರಿತು. ಆಡುವುದೇನು ಕಳ್ಳತನವೇ, ಮುಚ್ಚಿಟ್ಟುಕೊಳ್ಳುವುದಕ್ಕೆ? ಮೂರು ಬೆರಳಿನಲ್ಲಿ ಧೂಳ್ತ ತೆಗೆದು ಹಣೆಯ ತುಂಬ ಎಳೆದುಕೊಂಡಳು.

"ಆಡಕ್ಕೆ ದೊಡ್ಡಪ್ಪ," ಅಂದಳು.

"ಏನಂದೆ?"

"ಆಡಕ್ಕೆ ಕಂಪ್ಯೂಟ್ರು ತಕತಾ ಇದ್ದಿನಿ. ಅವ್ವ ಯೋಳಿದ್ದು ಸುಳ್ಳು, ನಾನು ಸುಮ್ನಿದ್ದುದ್ದೂ ಸುಳ್ಳೇಯ. ಯಾವ ಪರೀಕ್ಸೆನೂ ನಾ ಕಟ್ಟಿಲ್ಲ."

"ಆಡಿ ಯಾರ್ ಉದ್ಧಾರ ಆಗವ್ರೆ ಯೋಳು."

"ಉದ್ಧಾರ ಆಗಕ್ಕಲ್ಲ. ಆಡಕ್ಕೆ."

ದೊಡ್ಡಪ್ಪ ಧೂಳ್ತದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಸುಳ್ಳು ಹೇಳಿದ್ದರೆ ಬಯ್ಯಬಹುದಿತ್ತು, ಅತ್ತಿದ್ದರೆ ಬುದ್ಧಿ ಹೇಳಬಹುದಿತ್ತು. ನಿಜ ಹೇಳಿ ನೆಟ್ಟಗೆ ನೋಡುತ್ತ ಕೂತವಳನ್ನು ಏನು ಮಾಡುವುದು? "ಊರ್ಗೆಲ್ಲ ಯೋಳ್ಕಬಂದಿನಿ, ಇನ್ ನನ್ ಮಕ ಎಲ್ಲಿಡ್ಲಿ" ಎಂದು ಗೊಣಗಿ, ಚೀಲ ಕಟ್ಟಿ ಜೇಬಿಗೆ ಹಾಕಿ, ದುಡ್ಡಿನ ಸಮೇತ ಬಸ್ಸಿಗೆ ಹೋದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಚಾಚುತ್ತೇನೆ, ಕಾಲನ್ನೇ ಕತ್ತರಿಸಿಕೊಳ್ಳುವುದಿಲ್ಲ ಅಂದುಕೊಂಡು ಸೌಮ್ಯ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದಳು.

"ಸಾ, ಈಗ ನಲವತ್ತರಲ್ಲಿ ನೋಡವ."

ಮೊದಲು ಹೋದದ್ದು ಮಾನಿಟರು, ಮನೆಯಲ್ಲಿ ಟಿ.ವಿ. ಇತ್ತು. ಆಮೇಲೆ ಹೊಸ ಗ್ರಾಫಿಕ್ಸ್ ಕಾರ್ಡು ಹೋಗಿ, ಯಾರೋ ಬಳಸಿ ಮಾರಿದ್ದ ಹಳೆಯದು ಬಂತು. ಅದನ್ನು ಅಂಗಡಿಯ ಕಂಪ್ಯೂಟರಿಗೇ ಹಾಕಿಸಿ, ಭಾರದ ಆಟವೊಂದನ್ನು ಓಡಿಸಿ, ಅದು ಎಷ್ಟು ಕಾಯುತ್ತದೆ, ಎಲ್ಲಿಯಾದರೂ ಮುಗ್ಗರಿಸುತ್ತದೆಯೇ ಎಂದು ಕಣ್ಣು ಮಿಟುಕಿಸದೆ ನೋಡಿದಳು. ಮುಗ್ಗರಿಸಲಿಲ್ಲ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಳು. ರ‍್ಯಾಮ್ ಕಡಿಮೆ ಮಾಡು ಅಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. ಮತ್ತೆ ಚಿತ್ರ ನಿಂತುಹೋದರೆ ಫೋನಿಗೂ ಇದಕ್ಕೂ ಏನು ವ್ಯತ್ಯಾಸ?

ಆಗ ಮಲ್ಲಿಕಾರ್ಜುನಸ್ವಾಮಿ ತನ್ನ ಅಂಗಡಿಯ ಮದುಮಗನನ್ನು ಹೊರತಂದ. ಗಾಜಿನ ಕ್ಯಾಬಿನೆಟ್ಟು, ಒಳಗೆ ಬಣ್ಣಬಣ್ಣದ ದೀಪ ತಿರುಗುವ ಫ್ಯಾನು.

"ಇದ್ರ ಜೊತೆ ಎಸ್ಎಂಪಿಎಸ್ ಫ್ರೀ ಕಣಮ್ಮ."

ಎಸ್ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆ. ಸೌಮ್ಯ ಅದನ್ನು ಕೈಯಲ್ಲಿ ತೂಗಿ ನೋಡಿದಳು. ಖಾಲಿ ಡಬ್ಬದಷ್ಟು ಹಗುರ. ಅವಳ ಊರಿನ ಕರೆಂಟು ಒಮ್ಮೆ ಸತ್ತ ಹಾಗೆ ಬಂದು, ಒಮ್ಮೆ ಬಲ್ಬೇ ಸುಟ್ಟುಹೋಗುವ ಹಾಗೆ ಏರುವಂಥದ್ದು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

"ಫ್ರೀದು ನಿಮ್ಗೇ ಇರ್ಲಿ ಸಾ. ಎಸ್ಎಂಪಿಎಸ್ ಒಳ್ಳೆ ಕಂಪ್ನಿದು ಕೊಡಿ. ಕ್ಯಾಬಿನೆಟ್ ಬ್ಯಾಡ."

"ಕ್ಯಾಬಿನೆಟ್ ಬ್ಯಾಡ್ವ? ಮತ್ತೆ ಇವ್ನೆಲ್ಲ ಎಲ್ಲಿಡ್ತೀಯಮ್ಮ? ಮಂಕ್ರಿಲಾ?"

ಅವನು ನಕ್ಕ. ಬಿದಿರ ಬುಟ್ಟಿಯಾದ ಮಂಕರಿಯ ಹೆಸರು ಕೇಳಿದ್ದೇ ತಡ, ಸೌಮ್ಯಳ ಕಣ್ಣ ಮುಂದೆ ಹುಳದ ಮನೆಯ ಗೋಡೆಗೆ ಒರಗಿಸಿದ ಚಂದ್ರಿಕೆ ಬಂದು ನಿಂತಿತು. ಅವಳೂ ನಕ್ಕಳು.

"ಅಂಗೇ ಅನ್ಕಳಿ ಸಾ," ಅಂದಳು.

ಮನೆಗೆ ಬಂದು ಅಂಗಡಿಯಲ್ಲಿ ನಡೆದದ್ದನ್ನು ಹೇಳಿದಾಗ ಅವ್ವ ಬಾಗಿಲಲ್ಲೇ ಕೂತಳು. "ಒಂದ್ ಮಾತ್ಗೆ ಇಪ್ಪತ್ ಸಾವ್ರ ಕಳಕಂಡ್ಯಲ್ಲ," ಎಂದಳು. ಸೌಮ್ಯ ಹಳೆಯ ಚಂದ್ರಿಕೆಯೊಂದನ್ನು ಎಳೆದು ತಂದು, ಹುಳ ಬಿಡುವ ಬಿದಿರ ಪಟ್ಟಿಯ ಸುತ್ತುಗಳನ್ನು ಬಿಚ್ಚಿ ತೆಗೆದಳು. ಉಳಿದದ್ದು ಬರಿಯ ತಟ್ಟಿ. ಅದಕ್ಕೆ ಮದರ್‌ಬೋರ್ಡನ್ನು ಸಣ್ಣ ಕಂಬಿಗಳ ಮೇಲೆ ಎತ್ತರಿಸಿ ಕೂರಿಸಿದಳು, ಎಸ್ಎಂಪಿಎಸ್ಸನ್ನು ಬುಡಕ್ಕೆ ಬಿಗಿದಳು, ತೂಕದ ಗ್ರಾಫಿಕ್ಸ್ ಕಾರ್ಡು ಜೋಲದಂತೆ ಮೇಲಿನಿಂದ ನೈಲಾನ್ ದಾರದಲ್ಲಿ ಎತ್ತಿ ಕಟ್ಟಿದಳು. ಬಿದಿರು ಕರೆಂಟು ಹಿಡಿಯುವುದಿಲ್ಲ, ಗಾಳಿಯನ್ನು ತಡೆಯುವುದಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಕಂಪ್ಯೂಟರಿನ ಹೊಟ್ಟೆಯೊಳಗಿನದೆಲ್ಲ ಬಂದವರಿಗೆ ಕಾಣುತ್ತಿತ್ತು.

ಬಾಗಿಲಿನಿಂದ ಎದ್ದು ಬಂದ ಅವ್ವ, "ಹಲ್ಲಿ ಬಿದ್ರೆ ಏನ್ಮಾಡ್ತೀಯ?" ಎಂದು ಕೇಳಿ, ಒಳಗೆ ಹೋಗಿ ಊಜಿ ನೊಣ ಬರದಂತೆ ಹುಳದ ಮನೆಗೆ ಕಟ್ಟುವ ಬಲೆಯ ತುಂಡನ್ನು ಕತ್ತರಿಸಿ ತಂದುಕೊಟ್ಟಳು.

ಮೊದಲ ಆಟದಲ್ಲಿ ಸೌಮ್ಯ ಕಡೆಯ ಇಬ್ಬರವರೆಗೆ ಉಳಿದಳು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ದುಡುಕಿ ಮರೆಯಿಂದ ಹೊರಗೆ ಬಂದು, ಹೊಡೆಸಿಕೊಂಡು ಸತ್ತಳು. ಪೂರ್ತಿ ತನ್ನದೇ ತಪ್ಪು. ಕುಣಿಯುವಷ್ಟು ಖುಷಿಯಾಯಿತು.

ಆ ವಾರದಲ್ಲೇ ದೊಡ್ಡಪ್ಪ ಬಂದ, ಜೊತೆಗೆ ಪಂಚಾಯ್ತಿಯ ಹಳೆ ಮೆಂಬರ್ ಪುಟ್ಟಸಿದ್ದಯ್ಯ. ಎಸಿ ಆಗುವ ಹುಡುಗಿಯ ಕಂಪ್ಯೂಟರು ನೋಡಬೇಕೆಂದು ಅವನು ದುಂಬಾಲು ಬಿದ್ದಿರಬೇಕು. ದೊಡ್ಡಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು. ಪುಟ್ಟಸಿದ್ದಯ್ಯ ಬಲೆಯೊಳಗೆ ತಿರುಗುತ್ತಿದ್ದ ಫ್ಯಾನನ್ನು, ಬಿದಿರಿಗೆ ಬಿಗಿದ ಹಸಿರು ಹಲಗೆಯನ್ನು ಬಗ್ಗಿ ನೋಡಿ ಬೆರಗಾದ.

"ಚಂದ್ರಿಕೆಗೇ ಕಟ್ಟವ್ಳಲ್ಲ ಇವ್ಳು. ಓದಕ್ಕೆ ಅನುಕೂಲ ಆಯ್ತಾ ಚನ್ನಮಲ್ಲಮ್ಮ?"

ಸೌಮ್ಯ ಬಾಯಿ ತೆರೆದಳು. ಅದಕ್ಕೆ ಮೊದಲೇ ದೊಡ್ಡಪ್ಪ ಅವ್ವನ ಕಡೆ ನೋಡಿದ. ಹೂಂ ಅಂದುಬಿಡು ಅನ್ನುವ ನೋಟ ಅದು. ಮೂವತ್ತು ವರ್ಷ ಅವ್ವ ಅದಕ್ಕೆ ಹೂಂ ಅಂದುಕೊಂಡೇ ಬಂದಿದ್ದಳು. ಅವ್ವ ಸೆರಗು ಸರಿಮಾಡಿಕೊಂಡಳು. ಹಣೆಯ ವಿಭೂತಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿಕೊಂಡಳು.

"ಓದಕ್ಕಲ್ಲಣ್ಣ, ಆಡಕ್ಕೆ," ಅಂದಳು. "ನನ್ ಮಗಳು ಹುಳ ಸಾಕಿದ್ ದುಡ್ಡಲ್ಲಿ ಆಡಕ್ಕೆ ಅಂತ್ಲೇ ತಂದವ್ಳೆ. ಚೆಂದಾಗಿ ಆಡ್ತಳೆ."

ಫ್ಯಾನು ತಿರುಗುತ್ತಲೇ ಇತ್ತು. ಪುಟ್ಟಸಿದ್ದಯ್ಯ ದೊಡ್ಡಪ್ಪನ ಮುಖ ನೋಡಿದ, ದೊಡ್ಡಪ್ಪ ಚಪ್ಪಲಿ ಹುಡುಕಿದ. ಅವನು ಹೊಸಿಲು ದಾಟುವಾಗ ಅವ್ವ ಹಿಂದಿನಿಂದ ಕರೆದಳು.

"ಬಾವ, ನನ್ ಅಳಗುಳಿ ಮಣೆ ನಿಮ್ ಅಟ್ಟದ ಮ್ಯಾಲದೆ. ಕಳ್ಸ್ಕೊಡಿ."

ಮಾರನೆಯ ದಿನ ಮಣೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಅವ್ವ ತಾನೇ ಪಕ್ಕದ ಮನೆಗೆ ಹೋಗಿ, ಯಾರನ್ನೂ ಕೇಳದೆ ಏಣಿ ಹಾಕಿ ಅಟ್ಟ ಹತ್ತಿದಳು.