ಡ್ರಾಪ್ಸ್ ಬೇಡ ಅಂದ ದನಿ

ಗಿರಿಯನ್ನ ನಂಬಿದ್ದೇ ನನ್ನ ತಪ್ಪು. ಒಂದೇ ಸ್ಕೂಲಲ್ಲಿ ಓದಿದೋನು, ನಮ್ಮ ಕೊಡಿಗೇಹಳ್ಳಿಯೋನೇ, ಇವನೇನ್ ಮೋಸ ಮಾಡ್ತಾನೆ ಅಂದ್ಕೊಂಡೆ. ಕೆಂಪಾಪುರದಲ್ಲಿ ಒಂದು ರೂಮು ಹಿಡ್ಕೊಂಡು ಆರೋಗ್ಯದ ವಿಡಿಯೋ ಮಾಡ್ತಾನೆ. ಅವನು ಬರೆದು ಕೊಟ್ಟಿದ್ದನ್ನ ನಾನು ಮೈಕಲ್ಲಿ ಓದ್ತೀನಿ, ಫೋನ್ ಪರದೆ ಮೇಲೆ ಯಾವುದೋ ಚಿತ್ರ ಓಡುತ್ತೆ. "ಡಾಕ್ಟರ್ ನೋಡಿ ಓಕೆ ಮಾಡಿದಾರೆ ಕಣೇ ಮಾಲಾ" ಅಂತ ಪ್ರತಿ ಸಲ ಹೇಳೋನು. ಯಾವ ಡಾಕ್ಟರೋ ಏನೋ, ಒಂದು ದಿನಾನೂ ಮುಖ ಕಂಡಿಲ್ಲ.

ಕಣ್ಣಿನ ವಿಡಿಯೋ ದಿನ ಮಾತ್ರ ಜಗಳ ಆಡಿದೆ. ಗ್ಲಾಕೋಮಾ, ಅಂದ್ರೆ ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿ ಹೋಗೋ ಕಾಯಿಲೆ, ಇರೋರು ನಲವತ್ತು ದಿನ ತ್ರಿಫಲದ ನೀರಲ್ಲಿ ಕಣ್ಣು ತೊಳೆದ್ರೆ ಆಮೇಲೆ ಡ್ರಾಪ್ಸೇ ಬೇಡ ಅಂತ ಬರೆದಿದ್ದ. "ನಮ್ಮಮ್ಮಂಗೂ ಅದೇ ಕಾಯಿಲೆ ಕಣೋ, ಒಂದು ದಿನಾನೂ ಬಿಡಬೇಡಿ ಅಂದಿದಾರೆ ಆಸ್ಪತ್ರೆಯಲ್ಲಿ" ಅಂದೆ. ಕೊನೆಗೆ "ಡಾಕ್ಟರನ್ನ ಕೇಳದೆ ಡ್ರಾಪ್ಸ್ ನಿಲ್ಲಿಸಲೇಬೇಡಿ" ಅನ್ನೋ ಸಾಲು ನಾನೇ ಸೇರಿಸಿ, ಎರಡು ಸಲ ಓದಿದೆ. "ಆಯ್ತು ಮಹಾತಾಯಿ" ಅಂದ. ಮಿಕ್ಕಿದ್ದನ್ನೆಲ್ಲ ಓದಿದ್ದೂ ನಾನೇ. ಅದನ್ನ ಮುಚ್ಚಿಡಲ್ಲ.

ನಮ್ಮಮ್ಮ ಬೈರಮ್ಮ ಸೀರೆಗೆ ಫಾಲ್ಸ್ ಹೊಲೀತಾಳೆ. ಆ ವಿಡಿಯೋ ಬಂದು ಮೂರು ತಿಂಗಳಾದ್ಮೇಲೆ, ಎಡಗಡೆ ನಿಂತಿದ್ದ ಸ್ಕೂಟರಿಗೆ ಹೋಗಿ ಹೋಗಿ ಡಿಕ್ಕಿ ಹೊಡೆಯೋಕೆ ಶುರು ಮಾಡಿದ್ಲು. ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಟೆಸ್ಟ್ ಎಲ್ಲ ಮಾಡಿ, "ಎಡಗಣ್ಣಲ್ಲಿ ಅರ್ಧ ದೃಷ್ಟಿ ಹೋಗಿದೆ, ಹೋದದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕ್ತಿಲ್ವಾ?" ಅಂದ್ರು.

ಅಮ್ಮ ನನ್ನ ಕಡೆ ತಿರುಗಿದ್ಲು. "ಇವ್ಳೇ ಬ್ಯಾಡ ಅಂದ್ಲಲ್ಲ."

ಪಕ್ಕದ್ಮನೆ ಕುಲ್ಸುಮ್ ಫೋನಲ್ಲಿ ಆ ಕಣ್ಣಿನ ವಿಡಿಯೋ ತೋರಿಸಿದ್ಲಂತೆ. "ನಿನ್ ದನಿ ನಂಗೊತ್ತಾಗಲ್ವಾ? ನನ್ ಮಗ್ಳು ಊರಿಗೆಲ್ಲ ಯೋಳ್ತಾವ್ಳೆ, ಸುಳ್ ಯೋಳ್ತಾಳಾ ಅಂದ್ಕಂಡು ಬುಟ್ಬುಟ್ಟೆ."

"ನನ್ನನ್ನ ಒಂದ್ಮಾತು ಕೇಳಬಾರ್ದಿತ್ತಾ ಅಮ್ಮಾ?"

"ಯೋಳಿದ್ದೇ ನೀನು. ನಿನ್ನ ಇನ್ನೇನ್ ಕೇಳ್ಲಿ?"

ಅಲ್ಲೇ ಬೆಂಚ್ ಮೇಲೆ ಕೂತು ವಿಡಿಯೋ ಹಾಕಿ ನೋಡಿದೆ. ನನ್ನ ಸಾಲಿಲ್ಲ. ಅದರ ಜಾಗದಲ್ಲಿ, ಬೇರೆ ಯಾವುದೋ ವಿಡಿಯೋದಿಂದ ತೆಗೆದು ಅಂಟಿಸಿದ ನನ್ನದೇ ದನಿ, ನಗ್ತಾ ನಗ್ತಾ "ನಿಮ್ಮವರಿಗೆಲ್ಲ ಶೇರ್ ಮಾಡಿ" ಅಂತಿತ್ತು.

ಅಮ್ಮನನ್ನ ಮನೆಗೆ ಬಿಟ್ಟು ನೇರ ಕೆಂಪಾಪುರಕ್ಕೆ ಹೋದೆ. ಗಿರಿ ಕುರ್ಚಿಯಿಂದ ಏಳಲೂ ಇಲ್ಲ. "ಆ ಸಾಲು ಬಂದ ತಕ್ಷಣ ಜನ ವಿಡಿಯೋ ಬಿಟ್ಟು ಹೋಗ್ತಾರೆ ಕಣೇ. ಅಷ್ಟಕ್ಕೂ ಇದನ್ನೆಲ್ಲ ಯಾರ್ ಅಷ್ಟು ಸೀರಿಯಸ್ಸಾಗಿ ತಗೋತಾರೆ?"

"ನಮ್ಮಮ್ಮ ತಗೊಂಡ್ಲು ಕಣೋ ಪಾಪಿ! ಒಂದು ಕಣ್ಣು ಅರ್ಧ ಹೋಯ್ತು!"

ಆಗ ಎದ್ದ. ಸ್ಕೂಲ್ ಬಿಟ್ಟ ಮೇಲೆ ಎಷ್ಟೋ ಸಂಜೆ ನಮ್ಮನೇಲಿ ಅಮ್ಮನ ಕೈಯಲ್ಲೇ ಮುದ್ದೆ ಸಾರು ಉಂಡೋನು. ನನ್ನೆದುರೇ ಆ ವಿಡಿಯೋ ಅಳಿಸಿದ. ಆದ್ರೆ ಅಷ್ಟರಲ್ಲಿ ಅದನ್ನ ಎರಡು ಲಕ್ಷ ಜನ ನೋಡಿ ಆಗಿತ್ತು. ಅವರಲ್ಲಿ ಎಷ್ಟು ಜನ ಡ್ರಾಪ್ಸ್ ಬಿಟ್ರೋ, ಯಾರ ಮನೆ ಬಾಗಿಲಿಗೆ ಅಂತ ಹೋಗಿ ಹೇಳ್ಲಿ?

ಮನೆಗೆ ಬಂದು ಹೊಸ ಬಾಟಲಿ ಮುಚ್ಚಳ ತೆಗೆದೆ. "ಅಮ್ಮಾ, ತಲೆ ಮೇಲಕ್ಕೆತ್ತು. ಮಿಕ್ಕಿರೋ ದೃಷ್ಟಿ ಉಳೀಬೇಕಂದ್ರೆ ಇದನ್ನ ಒಂದು ದಿನಾನೂ ಬಿಡಬಾರ್ದು" ಅಂದೆ.

ಅಮ್ಮ ನನ್ನ ಕೈ ಹಿಡಿದು ತಡೆದ್ಲು. ಕೋಪ ಇರಲಿಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೇ ಕೇಳಿದ್ಲು.

"ಇದು ನೀನೇ ಯೋಳ್ತಿರೋದಾ ಮಗಾ, ಇಲ್ಲ ಯಾರಾದ್ರೂ ಬರ್ದು ಕೊಟ್ಟಿದ್ದಾ?"