ಕುದುರೆಯ ಹಿಂಗಾಲು

ನಲವತ್ತೈದು ವರ್ಷ ಒಂದು ಗುಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು ಸುಲಭದ ಮಾತಲ್ಲ. ಪಡೀಲಿನ ಲೋಕಯ್ಯ ಇಟ್ಟುಕೊಂಡಿದ್ದರು. ಹೆಂಡತಿ ಅಪ್ಪಿಗೂ ಬಾಯಿ ಬಿಟ್ಟಿರಲಿಲ್ಲ. ಅಂಥವರನ್ನು ಮೊಮ್ಮಗಳು ತೃಷಾ ಒಂದು ಭಾನುವಾರ ಮಧ್ಯಾಹ್ನ ಹಂಪನಕಟ್ಟೆಯ ಬಸ್ಸು ಹತ್ತಿಸಿ, ಆ ಗುಟ್ಟಿನ ಎದುರಿಗೇ ಕರೆದುಕೊಂಡು ಹೊರಟಳು. ಪಾಪ, ಅವಳಿಗೇನು ಗೊತ್ತು.

ತೃಷಾಳ ಕಾಲೇಜಿನವರು ‘ಹವಳ ದ್ವೀಪದ ಕುದುರೆ’ ಎಂಬ ಹಳೆಯ ಸಿನಿಮಾವನ್ನು ಎಲ್ಲಿಂದಲೋ ಹುಡುಕಿ ತಂದು ಪ್ರದರ್ಶನ ಇಟ್ಟಿದ್ದರು. ರಾಜಕುಮಾರ, ರಾಜಕುಮಾರಿ, ಗಡ್ಡದ ಮಾಂತ್ರಿಕ, ಒಂಟಿಕಣ್ಣಿನ ರಾಕ್ಷಸ, ಹಾರುವ ಕುದುರೆ ಎಲ್ಲ ಇದ್ದ ಸಿನಿಮಾ. ತೆಗೆದದ್ದು ಉಳ್ಳಾಲದ ಕಡಲ ತೀರದಲ್ಲಿ. ನಟಿಸಿದವರಲ್ಲಿ ಬದುಕಿರುವವರಿಗೆ ಶಾಲು ಹೊದೆಸುವ ಕಾರ್ಯಕ್ರಮವೂ ಇತ್ತು.

“ಕುದುರೆಯ ಒಳಗೆ ಇಬ್ಬರಿದ್ರಂತೆ ಅಜ್ಜ,” ಎಂದಳು ತೃಷಾ ಬಸ್ಸಿನಲ್ಲಿ. “ಮುಂಗಾಲು ಉಳ್ಳಾಲದ ಇಸಿದೋರ್ ಅಂಕಲ್. ಹಿಂಗಾಲು ಯಾರು ಅಂತ ಕೇಳಿದ್ರೆ ಅವರು ಬಾಯಿ ಬಿಡುವುದಿಲ್ಲ, ಬೇರೆ ಯಾರಿಗೂ ಗೊತ್ತಿಲ್ಲ. ಎರಡು ತಿಂಗಳಿಂದ ಹುಡುಕ್ತಾ ಇದ್ದೇನೆ.”

“ಹಿಂಗಾಲನ್ನು ಹುಡುಕಿ ಎಂತ ಮಾಡ್ಲಿಕ್ಕುಂಟು?” ಎಂದ ಲೋಕಯ್ಯ ಕಿಟಕಿಯ ಹೊರಗೆ ನೋಡತೊಡಗಿದರು.

ಆ ಹಿಂಗಾಲು ಅವರೇ. ಆಗ ಅವರಿಗೆ ಇಪ್ಪತ್ತೈದು. ನವರಾತ್ರಿಯ ಹುಲಿವೇಷದಲ್ಲಿ ಎತ್ತಿದ ಕೈ. ಕಾಲು ಗಟ್ಟಿ ಉಂಟೆಂದು ಸಿನಿಮಾದವರು ಕುದುರೆಯ ಹಿಂಭಾಗಕ್ಕೆ ಸೇರಿಸಿಕೊಂಡರು. ಹನ್ನೆರಡು ದಿನ ಆ ಗೋಣಿಬಟ್ಟೆಯ ಹೊಟ್ಟೆಯೊಳಗೆ ಬಗ್ಗಿ, ಇಸಿದೋರನ ಸೊಂಟ ಹಿಡಿದು, ಕಣ್ಣು ಕಾಣದೆ ಓಡಿದರು. ಕೊನೆಯ ದಿನ ಕುದುರೆ ಸಾಯಬೇಕಿತ್ತು. ಮಾಂತ್ರಿಕನ ಬಾಣ ತಗುಲಿ ಅದು ಕುಸಿಯಬೇಕು, ರಾಜಕುಮಾರಿ ಅದನ್ನು ನೋಡಿ ಅಳಬೇಕು. ಕ್ಯಾಮೆರಾ ಓಡತೊಡಗಿದ್ದೇ ತಡ, ಪಕ್ಕದ ರಸ್ತೆಯಲ್ಲಿ ಹುಲಿವೇಷದ ತಂಡವೊಂದು ತಾಸೆ ಬಡಿಯುತ್ತ ಬಂತು. ತಾಸೆಯ ಪೆಟ್ಟು ಕಿವಿಗೆ ಬಿದ್ದ ಮೇಲೆ ಮಂಗಳೂರಿನ ಹುಲಿಯ ಕಾಲು ಸುಮ್ಮನಿದ್ದೀತೇ? ಮುಂಗಾಲು ಸತ್ತು ಮರಳಿಗೆ ಬಿತ್ತು. ಹಿಂಗಾಲು ಪೂರ್ತಿ ಒಂದು ನಿಮಿಷ ಹುಲಿಕುಣಿತ ಕುಣಿಯಿತು.

ಮದ್ರಾಸಿನ ನಿರ್ದೇಶಕರ ಬಳಿ ಉಳಿದದ್ದು ಅದೊಂದೇ ರೀಲು. ಇನ್ನೊಮ್ಮೆ ತೆಗೆಯುವ ಹಾಗಿರಲಿಲ್ಲ, ಇದ್ದದ್ದನ್ನೇ ಇಟ್ಟರು. ಮೊದಲ ಪ್ರದರ್ಶನದ ದಿನ ಕುದುರೆಗೆ ಬಾಣ ಬಿದ್ದೊಡನೆ ಲೋಕಯ್ಯ ಕಣ್ಣು ಮುಚ್ಚಿದರು. ಕಣ್ಣೀರು ಬರಬೇಕಾದ ಜಾಗದಲ್ಲಿ ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಗುವುದು ಕೇಳಿಸಿತು. ಅವರು ಪಕ್ಕದ ಬಾಗಿಲಿನಿಂದ ಓಡಿದರು. ಇಷ್ಟು ಜನರ ದುಡಿಮೆಯನ್ನು ತಾನೊಬ್ಬ ಕೆಡಿಸಿದೆನೆಂಬ ನಾಚಿಕೆ ಅವರನ್ನು ಮತ್ತೆ ಬಿಡಲಿಲ್ಲ. ಹೆಸರು ಹೇಳಬಾರದೆಂದು ಇಸಿದೋರನಿಂದ ಆಣೆ ಹಾಕಿಸಿಕೊಂಡರು. ಅವನು ದುಬೈಗೆ ಹೋದ, ಗುಟ್ಟು ಲೋಕಯ್ಯನವರ ಹತ್ತಿರ ಉಳಿಯಿತು. ಈಗ ಮೊಮ್ಮಗಳಿಗೆ ಗೊತ್ತಾದರೆ ಅವಳ ಮುಖ ನೋಡುವುದು ಹೇಗೆಂಬುದೇ ಅವರ ಚಿಂತೆ.

ಸಭಾಂಗಣ ತುಂಬಿತ್ತು. ಬಾಣ ಬಿತ್ತು, ಲೋಕಯ್ಯ ಕಣ್ಣು ಮುಚ್ಚಿದರು. ಅದೇ ನಗು. ಪಕ್ಕದಲ್ಲಿ ತೃಷಾ ನಕ್ಕು ನಕ್ಕು ಅವರ ತೊಡೆಗೇ ಬಡಿಯುತ್ತಿದ್ದಳು. ಅವರ ಜೀವ ಹಿಡಿಯಷ್ಟಾಯಿತು.

ಸಿನಿಮಾ ಮುಗಿದ ಮೇಲೆ ತೃಷಾ ವೇದಿಕೆ ಹತ್ತಿ, ಶಾಲು ಹೊದ್ದ ಇಸಿದೋರರ ಬಾಯಿಗೆ ಮೈಕು ಹಿಡಿದು, ಹಿಂಗಾಲು ಯಾರದ್ದೆಂದು ಕೇಳಿಯೇಬಿಟ್ಟಳು.

“ಒಬ್ಬ ಇದ್ದ ಮಾರಾಯ್ತಿ,” ಎಂದರು ಇಸಿದೋರ್. “ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ನನಗೆ ಬೇರೆ ಎಂತದೂ ಗೊತ್ತಿಲ್ಲ, ಆಗ ನಾನು ಸತ್ತು ಬಿದ್ದಿದ್ದೆ.”

ಸಭೆ ನಕ್ಕಿತು. ವೇದಿಕೆಯಲ್ಲಿ ಇಸಿದೋರರ ಪಕ್ಕ ಎವ್ಲಿನ್ ಟೀಚರ್ ಕುಳಿತಿದ್ದರು. ಅಂದಿನ ರಾಜಕುಮಾರಿ, ಆಮೇಲೆ ನಿವೃತ್ತಿಯವರೆಗೂ ಕನ್ನಡ ಕಲಿಸಿದವರು. ಅವರು ಮೈಕು ತೆಗೆದುಕೊಂಡರು.

“ಆ ಅಳುವಿಗೆ ಜನ ನನ್ನನ್ನು ಎಷ್ಟು ಹೊಗಳಿದ್ದಾರೆ. ಭುಜ ಅಲುಗಿಸಿ ಅಳ್ಲಿಕ್ಕೆ ಎಲ್ಲಿ ಕಲಿತದ್ದು ಅಂತ ಕೇಳ್ತಿದ್ರು. ನಾನು ಅತ್ತದ್ದೇ ಅಲ್ಲ. ಆ ಕಾಲು ನೋಡಿ ನಗು ತಡೀಲಿಕ್ಕೆ ಆಗ್ಲಿಲ್ಲ, ಆಚೆ ತಿರುಗಿದೆ. ಗಂಡ ತೀರಿಕೊಂಡ ವರ್ಷ ನನಗೆ ನಗುವುದೇ ಮರೆತುಹೋಗಿತ್ತು. ಒಂದು ದಿನ ಪಾತ್ರೆ ತೊಳೆಯುವಾಗ ಆ ಕಾಲು ನೆನಪಾಗಿ ಒಬ್ಬಳೇ ನಕ್ಕೆ. ಆ ಮನುಷ್ಯ ಸಿಕ್ಕಿದ್ರೆ ಒಂದು ಥ್ಯಾಂಕ್ಸ್ ಹೇಳ್ಬೇಕಿತ್ತು.”

ಕೊನೆಯ ಸಾಲಿನಲ್ಲಿ ಲೋಕಯ್ಯ ಎದ್ದು ನಿಂತರು. ಹೇಗೆ ಎದ್ದರೋ ಅವರಿಗೇ ತಿಳಿಯದು.

“ಆ ಕಾಲು ನನ್ನದು,” ಎಂದರು. ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದರು.

“ನಾನು ಹೇಳಿದ್ದಲ್ಲ,” ಎಂದರು ಇಸಿದೋರ್ ಮೈಕಿನಲ್ಲಿ. “ಅವನೇ ಹೇಳಿದ್ದು. ಎಲ್ಲರೂ ಸಾಕ್ಷಿ ಇದ್ದೀರಿ.”

ಸಭಾಂಗಣದಲ್ಲಿ ಶಿಳ್ಳೆಯೋ ಶಿಳ್ಳೆ. ತೃಷಾ ಇಳಿದು ಓಡಿ ಬಂದು ಅಜ್ಜನ ಕೈ ಹಿಡಿದಳು. “ಎರಡು ತಿಂಗಳು ಊರೆಲ್ಲ ಹುಡುಕಿದೆ. ನೀವು ನನ್ನೆದುರೇ ಕೂತು ಗಂಜಿ ಉಣ್ತಾ ಇದ್ರಿ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು. ಆ ಮುಖಕ್ಕೇ ಅಲ್ಲವೇ ಅವರು ಹೆದರಿದ್ದು.

ಜನ ಆ ದೃಶ್ಯ ಮತ್ತೊಮ್ಮೆ ಬೇಕೆಂದು ಹಟ ಹಿಡಿದರು. ಲೋಕಯ್ಯನವರನ್ನು ಇಸಿದೋರ್ ಮತ್ತು ಎವ್ಲಿನ್ ಟೀಚರ್ ನಡುವೆ ಕೂರಿಸಿ ಅದನ್ನು ಮತ್ತೆ ಹಾಕಿದರು. ಈ ಬಾರಿ ಅವರು ಕಣ್ಣು ಮುಚ್ಚಲಿಲ್ಲ. ಕುದುರೆಯ ಮುಂಭಾಗ ಮರಳಿನಲ್ಲಿ ಬೋರಲು ಬಿದ್ದಿತ್ತು, ಹಿಂಭಾಗ ಲೋಕದ ಗೊಡವೆಯೇ ಇಲ್ಲದೆ ಕುಣಿಯುತ್ತಿತ್ತು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಮೊದಲು ಅವರಿಗೆ ಹೆಮ್ಮೆಯಾಯಿತು. ಆಮೇಲೆ ಎಲ್ಲಿತ್ತೋ ಆ ನಗು, ಹೊಟ್ಟೆ ಹಿಡಿದುಕೊಳ್ಳುವಷ್ಟು ಬಂತು.

“ಇದನ್ನಾ ನಾನು ಕೆಡಿಸಿದ್ದು?” ಎಂದರು ಉಸಿರು ಸಿಕ್ಕಾಗ.

“ಹೌದು ಮಾರಾಯ,” ಎಂದರು ಇಸಿದೋರ್. “ಇಡೀ ಸಿನಿಮಾದಲ್ಲಿ ನೋಡುವ ಹಾಗೆ ಇರುವುದು ಅದೊಂದೇ.”

ಲೋಕಯ್ಯ ಕಣ್ಣೊರೆಸಿಕೊಂಡು ಮೊಮ್ಮಗಳ ಕಡೆ ತಿರುಗಿದರು.

“ಇನ್ನೊಂದು ಸಲ ಹಾಕ್ಲಿಕ್ಕೆ ಹೇಳು,” ಎಂದರು.